ಯಮನೂರಿನ ಜಾತ್ರೆ, ಕಣಗಿನಹಾಳದ ಖಾತೆ: ಧಾರವಾಡ ಸೀಮೆಯ ಸಂಸ್ಕೃತಿ ಮತ್ತು ಸಮುದಾಯದ ಆರ್ಥಿಕ ಏಳಿಗೆ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಮೇಲಿರುವ ಎರೆಭೂಮಿಯ ಊರು. ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆ ಕಳೆದ ದಿನಗಳಲ್ಲಿ ಅಲ್ಲಿ ನಡೆಯುವ ಉತ್ಸವಕ್ಕೆ ಎರಡು ಹೆಸರುಗಳಿವೆ. ಮುಸಲ್ಮಾನರಿಗೆ ಅದು ರಾಜಾಬಾಗಸವಾರರ ಉರುಸು. ಹಿಂದೂಗಳಿಗೆ ಚಾಂಗದೇವರ ಜಾತ್ರೆ. ಬಾಗಸವಾರ ಎಂದರೆ ಹುಲಿಯ ಮೇಲೆ ಸವಾರಿ ಮಾಡಿದವನು. ಮರಾಠಿ ಸಂತರ ಕಥೆಗಳಲ್ಲಿ ಹುಲಿಯನ್ನೇರಿ ಜ್ಞಾನದೇವರನ್ನು ಕಾಣಬಂದ ಚಾಂಗದೇವನೂ ಅದೇ ರೂಪದವನಾದ್ದರಿಂದ ಎರಡು ಹೆಸರುಗಳೂ ಒಂದೇ ಗದ್ದುಗೆಗೆ ಹೊಂದಿಕೊಂಡಿವೆ. ಎಣ್ಣೆಯ ಬದಲು ನೀರು ಹಾಕಿ ದೀಪ ಹಚ್ಚುತ್ತಾರೆಂಬುದು ಇಲ್ಲಿನ ಪ್ರಸಿದ್ಧ ನಂಬಿಕೆ. ಹಳ್ಳದಲ್ಲಿ ಮಿಂದರೆ ಚರ್ಮದ ಬೇನೆ ವಾಸಿಯಾಗುತ್ತದೆಂದು ಹರಕೆ ಹೊತ್ತು ಬರುವವರಲ್ಲಿ ಯಾರು ಯಾವ ಮತದವರೆಂದು ಬಟ್ಟೆ ನೋಡಿ ಹೇಳುವುದು ಕಷ್ಟ.

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಕಲಿಸುತ್ತಿದ್ದ ಒಂದು ವರ್ಷ ನಾನು ಗುರು ಅಭ್ಯರ್ಥಿಗಳ ಚಿಕ್ಕ ಗುಂಪೊಂದನ್ನು ಈ ಜಾತ್ರೆಗೆ ಕರೆದುಕೊಂಡು ಹೋಗಿದ್ದೆ. ಬಳೆಯ ಅಂಗಡಿಗಳು, ಬೆಂಡು ಬತ್ತಾಸಿನ ರಾಶಿಗಳು, ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆ, ಹಗ್ಗ, ಮಿರ್ಚಿ ಕರಿಯುವ ಬಾಣಲೆಗಳು, ಇವುಗಳ ನಡುವೆ ಎರಡು ತಾಸು ಅಲೆದಾಡಿದ ಮೇಲೆ ಅವರಲ್ಲೊಬ್ಬ ನನ್ನನ್ನು ಕೇಳಿದ: "ಫಾದರ್, ಈ ಬಡ ಜನ ಒಂದೇ ವಾರದಲ್ಲಿ ಇಷ್ಟು ಹಣ ಚೆಲ್ಲುತ್ತಾರಲ್ಲ, ಇದನ್ನೇ ಕೂಡಿಟ್ಟಿದ್ದರೆ ಎಷ್ಟು ಮನೆಗಳು ಮೇಲೇಳುತ್ತಿದ್ದವು?"

ಪ್ರಶ್ನೆ ಪ್ರಾಮಾಣಿಕವಾದುದು. ನಮ್ಮ ಸಮಾಜಸೇವಾ ಯೋಜನೆಗಳ ಬಹುಪಾಲು ಕಾಗದಪತ್ರಗಳು ಈ ಪ್ರಶ್ನೆಯ ಮೇಲೆಯೇ ನಿಂತಿವೆ. ಸಂಸ್ಕೃತಿ ಒಂದು ಕಡೆ, ಏಳಿಗೆ ಇನ್ನೊಂದು ಕಡೆ. ಮೊದಲನೆಯದು ಎರಡನೆಯದಕ್ಕೆ ಅಡ್ಡಿ, ಇಲ್ಲವೇ ಹೆಚ್ಚೆಂದರೆ ಅಲಂಕಾರ. ಈ ಎಣಿಕೆ ಎಷ್ಟು ತಪ್ಪು ಎಂಬುದನ್ನು ಧಾರವಾಡ ಸೀಮೆಯ ಕಳೆದ ಎರಡು ಶತಮಾನಗಳ ಇತಿಹಾಸವೇ ತೋರಿಸಬಲ್ಲದೆಂದು ನನಗೆ ಅನ್ನಿಸಿದೆ. ಊರಿನ ಸಂಸ್ಕೃತಿಯೆಂಬುದು ಯಾರು ಯಾರನ್ನು ನಂಬಬಹುದು, ಯಾರು ಯಾರಿಗೆ ಋಣಿ ಎಂಬುದನ್ನು ಬರೆದಿಟ್ಟ ಒಂದು ಖಾತೆ. ಹೊರಗಿನಿಂದ ಬಂದ ಯೋಜನೆ ಆ ಖಾತೆಯನ್ನು ಓದಿದಾಗ ಬೇರು ಬಿಟ್ಟಿದೆ, ಓದದಿದ್ದಾಗ ಒಣಗಿದೆ. ಆದರೆ ಆ ಖಾತೆಯಲ್ಲಿ ಹೆಸರೇ ಇಲ್ಲದವರೂ ಇದ್ದಾರೆ. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ಇತ್ತೀಚೆಗೆ ನಮ್ಮಲ್ಲಿ ರೂಢಿಯಾಗುತ್ತಿದೆ.

ಜಾತ್ರೆಯ ಕಾಲವನ್ನೇ ಮೊದಲು ಗಮನಿಸಬೇಕು. ಎರೆಭೂಮಿ ಮುಂಗಾರಿಗಿಂತ ಹಿಂಗಾರಿಯನ್ನು ಹೆಚ್ಚು ನೆಚ್ಚಿದ ಭೂಮಿ. ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಬಿಳಿಜೋಳ, ಗೋದಿ, ಕಡಲೆಗಳನ್ನು ಬೆಳೆಸುವ ಗುಣ ಅದರದು. ಫಾಲ್ಗುಣ ಬರುವಷ್ಟರಲ್ಲಿ ಬಹುತೇಕ ಸುಗ್ಗಿ ಮುಗಿಯುವ ಹಂತಕ್ಕೆ ಬಂದಿರುತ್ತದೆ, ರೈತನ ಕೈಯಲ್ಲಿ ವರ್ಷದಲ್ಲಿ ಒಮ್ಮೆ ಕಾಣುವ ರೊಕ್ಕ ಇರುತ್ತದೆ. ಆಯಗಾರರಿಗೆ ಆಯ ಕೊಟ್ಟಾಗಿರುತ್ತದೆ, ಉದ್ರಿ ತಂದವರು ಉದ್ರಿ ತೀರಿಸುವ ಹೊತ್ತು, ಮಗಳಿಗೆ ಗಂಡು ನೋಡುವ ಹೊತ್ತು. ದೂರದ ಬೀಗರು ಒಂದೇ ಸ್ಥಳದಲ್ಲಿ ಸಿಗುವುದು ಜಾತ್ರೆಯಲ್ಲಿ. ಹಿಂದೆ ಈ ಸೀಮೆಯ ಊರುಗಳಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಬರ ಬಿದ್ದ ವರ್ಷ ಹಗೇವು ತೆಗೆಯುತ್ತಿದ್ದರು. ಕೂಡಿಡುವ ಬುದ್ಧಿ ಜನರಿಗೆ ಇರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಕೂಡಿಡುವುದಕ್ಕೂ ಖರ್ಚು ಮಾಡುವುದಕ್ಕೂ ಅವರು ಬೇರೆ ಬೇರೆ ಕಾಲಗಳನ್ನು ಇಟ್ಟುಕೊಂಡಿದ್ದರು, ಅಷ್ಟೆ.

ಈಗ ಧರ್ಮಪ್ರಚಾರದ ಇತಿಹಾಸಕ್ಕೆ ಬರೋಣ. ಯಮನೂರಿನಿಂದ ಪೂರ್ವಕ್ಕೆ, ಅಣ್ಣಿಗೇರಿಯನ್ನು ದಾಟಿದರೆ ಗದಗ. ಇಂದು ಬೇರೆ ಜಿಲ್ಲೆಯಾದರೂ ನಾನು ಹೇಳಹೊರಟಿರುವ ಕಾಲದಲ್ಲಿ ಅದೆಲ್ಲವೂ ಧಾರವಾಡ ಜಿಲ್ಲೆಯೇ. ಗದಗ ಪಟ್ಟಣದ ಆಸುಪಾಸಿನಲ್ಲಿ ಎರಡು ಊರುಗಳಿವೆ: ಮಲ್ಲಸಮುದ್ರ ಮತ್ತು ಕಣಗಿನಹಾಳ. ಹೊರಗಿನಿಂದ ಬಂದ, ಎರಡೂ ಕ್ರೈಸ್ತ ಮೂಲದ ಆರ್ಥಿಕ ಪ್ರಯೋಗಗಳು ಈ ಎರಡು ಊರುಗಳಲ್ಲಿ ಸುಮಾರು ಅರುವತ್ತು ವರ್ಷಗಳ ಅಂತರದಲ್ಲಿ ನಡೆದವು. ಒಂದು ಸೋತಿತು, ಒಂದು ಗೆದ್ದಿತು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಪಕ್ಕದ ಬೆಟಗೇರಿಯಲ್ಲಿ ಅವರ ನೆಲೆಗಳು ಆರಂಭವಾದವು. ಹುಬ್ಬಳ್ಳಿಯ ನೆಲೆ ಹೊಸತಾಗಿದ್ದಾಗ ಲಿಂಗಾಯತ ಹಿನ್ನೆಲೆಯ ಕಾಲಜ್ಞಾನ ಪಂಥದ ಕೆಲವರು ಅವರನ್ನು ಕಾಣಬಂದರು. ತಮ್ಮ ಕಾಲಜ್ಞಾನ ವಾಕ್ಯಗಳಲ್ಲಿ ಹೇಳಿದ ಹೊಸ ಯುಗ ಈ ಪರದೇಶಿ ಬೋಧಕರ ಮೂಲಕ ಬರುತ್ತಿದೆಯೆಂದು ಅವರು ಭಾವಿಸಿದ್ದರು. ಮಿಶನರಿಗಳಿಗೆ ಸಹಜವಾಗಿಯೇ ಬಹಳ ಆಸೆ ಹುಟ್ಟಿತು. ಊರೂರುಗಳೇ ಕ್ರಿಸ್ತನ ಕಡೆಗೆ ತಿರುಗುವುವೆಂದು ಎಣಿಸಿ, ಬರುವವರಿಗೆ ಜೀವನೋಪಾಯವಿರಲೆಂದು ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸಾಹತೊಂದನ್ನು ಕಟ್ಟಲು ಕೈಹಾಕಿದರು. ಭೂಮಿ ಇತ್ತು, ದುಡಿಮೆಯ ಶಿಸ್ತು ಇತ್ತು, ಯುರೋಪಿನ ಹಳ್ಳಿಯೊಂದರ ಚಿತ್ರ ಮನಸ್ಸಿನಲ್ಲಿತ್ತು. ಎಣಿಸಿದಂತೆ ಜನ ಬರಲಿಲ್ಲ. ವಸಾಹತು ಬೆಳೆಯಲಿಲ್ಲ.

ಇದನ್ನು ಜನರ ಚಂಚಲತೆಯೆಂದು ವಿವರಿಸುವುದು ಸುಲಭ. ಆದರೆ ಕಾಲಜ್ಞಾನಿಗಳು ಕೇಳಿಬಂದದ್ದು ಒಂದು ಭವಿಷ್ಯವಾಣಿಯ ಪೂರ್ಣತೆಯನ್ನು; ಅವರಿಗೆ ಸಿಕ್ಕದ್ದು ಹೊಲ ಮತ್ತು ವೇಳಾಪಟ್ಟಿ. ಧಾರವಾಡದ ಒಕ್ಕಲಿಗನಿಗೆ ಹೊಲವೆಂದರೆ ಅಳತೆಯ ನೆಲವಷ್ಟೇ ಆಗಿರಲಿಲ್ಲ. ಅದರ ಹಿಂದೆ ಮುಯ್ಯಾಳು ಬರುವ ನೆರೆಯವರು, ಕುಂಟೆ ಕೂರಿಗೆ ಮಾಡಿಕೊಡುವ ಬಡಿಗ, ಕುಳ ಹಣಿದುಕೊಡುವ ಕಮ್ಮಾರ, ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಜೊತೆಗೆ ಬರುವ ಬಂಧುಗಳು ಇರುತ್ತಿದ್ದರು. ಇಷ್ಟನ್ನೂ ಬಿಟ್ಟು ಬರೀ ಭೂಮಿಗೆ ಬಾ ಎಂದರೆ ಬರುವವನು ನಿರ್ಗತಿಕನೊಬ್ಬನೇ. ಅವನು ಬಂದರೂ ಅವನೊಡನೆ ಊರು ಬರುವುದಿಲ್ಲ.

ಅದೇ ಮಿಶನ್ನಿನ ಕೈಗಾರಿಕೆ ಕರಾವಳಿಯಲ್ಲಿ ಏಕೆ ಗೆದ್ದಿತೆಂಬುದನ್ನೂ ಇಲ್ಲಿ ಕೇಳಬೇಕು. ಮಂಗಳೂರಿನ ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ, ಮುದ್ರಣಾಲಯ ಇವೆಲ್ಲ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ಅಲ್ಲಿ ದೀಕ್ಷಾಸ್ನಾನ ಪಡೆದವರು ಜಾತಿಯಿಂದ ಹೊರಬಿದ್ದು ಗೇಣಿಯ ಭೂಮಿಯನ್ನೂ ಕುಲಕಸುಬನ್ನೂ ಕಳೆದುಕೊಂಡಿದ್ದರು. ಹೊಸ ಕೆಲಸ ಅವರಿಗೆ ಬೇಕಾಗಿತ್ತು. ಹತ್ತಿರದಲ್ಲೇ ಜೇಡಿಮಣ್ಣಿತ್ತು, ಹಂಚು ಸಾಗಿಸಲು ಬಂದರಿತ್ತು. ಬಯಲುಸೀಮೆಯಲ್ಲಿ ಈ ಯಾವುದೂ ಇರಲಿಲ್ಲ. ಬೆಟಗೇರಿಯಲ್ಲಿ ಬೇರೂರಿದ್ದು ಆಸ್ಪತ್ರೆ. ಜನ ಅದನ್ನು ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ.

ನಡುವೆ ಒಂದು ಮಾತು. ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ಹಳೆಯ ಬೈಬಲ್ ಒಂದನ್ನು ಭಕ್ತಿಯಿಂದ ಇರಿಸಿಕೊಂಡಿದ್ದಾರೆ. ಅಜ್ಜನವರು ಅದರಲ್ಲಿ ಮಾಡಿದ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆಯೆಂದು ಭಕ್ತರು ನಂಬುತ್ತಾರೆ. ನಾವು ತಂದ ಗ್ರಂಥವನ್ನು ಈ ನೆಲ ಬೇಡವೆನ್ನಲಿಲ್ಲ. ತನ್ನದೇ ಕಾಲಜ್ಞಾನದ ಕಪಾಟಿನಲ್ಲಿಟ್ಟು ಪೂಜಿಸಿತು. ಮಲ್ಲಸಮುದ್ರದ ಮಿಶನರಿಗಳಿಗೆ ಅರ್ಥವಾಗದೇ ಹೋದದ್ದು ಬಹುಶಃ ಇದೇ.

ಇನ್ನು ಕಣಗಿನಹಾಳ. ಅದರ ಕಥೆ ಜರ್ಮನಿಯ ವೆಸ್ಟರ್‌ವಾಲ್ಡ್ ಗುಡ್ಡಗಾಡಿನಿಂದ ಆರಂಭವಾಗುತ್ತದೆ. ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ (1818–1888) ಅಲ್ಲಿನ ಹಳ್ಳಿಗಳ ಆಡಳಿತ ನೋಡಿಕೊಳ್ಳುತ್ತಿದ್ದ ಪ್ರೊಟೆಸ್ಟಂಟ್ ಗೃಹಸ್ಥ. 1846–47ರ ಚಳಿಗಾಲದ ಹಸಿವಿನಲ್ಲಿ ವೈಯರ್‌ಬುಷ್ ಗ್ರಾಮದ ಬಡವರಿಗೆ ರೊಟ್ಟಿ ಒದಗಿಸಲು ಒಂದು ಸಂಘ ಕಟ್ಟಿದ. ಉಳ್ಳವರ ದಾನದಿಂದ ನಡೆದ ಸಂಘ ಬಹುದಿನ ಬಾಳದೆಂಬುದನ್ನು ಅನುಭವದಿಂದ ಕಲಿತು, 1860ರ ದಶಕದಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘಗಳತ್ತ ತಿರುಗಿದ. ಅವನ ನಿಯಮಗಳು ಸರಳ: ಸಂಘದ ಎಲ್ಲೆ ಒಂದು ಹಳ್ಳಿ ಅಥವಾ ಒಂದು ಧರ್ಮಕೇಂದ್ರದಷ್ಟು ಚಿಕ್ಕದಿರಬೇಕು, ಸದಸ್ಯರು ಪರಸ್ಪರ ಬಲ್ಲವರಾಗಿರಬೇಕು, ಒಬ್ಬನ ಸಾಲಕ್ಕೆ ಎಲ್ಲರೂ ಮಿತಿಯಿಲ್ಲದ ಹೊಣೆ ಹೊರಬೇಕು, ಪದಾಧಿಕಾರಿಗಳಿಗೆ ಸಂಬಳವಿಲ್ಲ, ಲಾಭವನ್ನು ಹಂಚದೆ ಮೀಸಲು ನಿಧಿಗೆ ಸೇರಿಸಬೇಕು. ನೆರೆಯವನನ್ನು ಪ್ರೀತಿಸೆಂಬ ಪ್ರಭುವಿನ ಆಜ್ಞೆಗೆ ಲೆಕ್ಕಪುಸ್ತಕದ ರೂಪ ಕೊಟ್ಟ ಹಾಗಿತ್ತು ಅದು.

ಈ ಕ್ರಮ ಗಡಿ ದಾಟಿದಾಗಲೆಲ್ಲ ಸ್ಥಳದ ಬಣ್ಣ ಪಡೆಯಿತು. ಇಟಲಿಯಲ್ಲಿ 1883ರಲ್ಲಿ ಲೊರೆಜ್ಜಿಯಾ ಎಂಬಲ್ಲಿ ಮೊದಲ ಗ್ರಾಮೀಣ ಬ್ಯಾಂಕ್ ತೆರೆದವನು ಲಿಯೋನೆ ವೊಲ್ಲೆಂಬೊರ್ಗ್ ಎಂಬ ಯೆಹೂದ್ಯ. 1890ರಲ್ಲಿ ವೆನಿಸ್ ಬಳಿಯ ಗಂಬರಾರೆಯಲ್ಲಿ ಲುಯಿಜಿ ಚೆರುತ್ತಿ ಎಂಬ ಯಾಜಕ ಮೊದಲ ಕಥೋಲಿಕ ಗ್ರಾಮೀಣ ಬ್ಯಾಂಕನ್ನು ಆರಂಭಿಸಿದ. ಮರುವರ್ಷ, 1891ರಲ್ಲಿ, ವಿಶ್ವಗುರು ಹದಿಮೂರನೆಯ ಲಿಯೋ ಅವರ 'ರೇರುಂ ನೊವಾರುಂ' ಹೊರಬಂದ ಮೇಲೆ ಇಂಥ ಬ್ಯಾಂಕುಗಳು ಉತ್ತರ ಇಟಲಿಯಲ್ಲಿ ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ಹಬ್ಬಿದವು. ನಂಬಿಕೆಯ ಆಧಾರ ಜಪಮಾಲೆ ಹಿಡಿದ ನೆರೆಯವನಾಗಿದ್ದ. ಆದ್ದರಿಂದಲೇ ಕಥೋಲಿಕರಲ್ಲದವರಿಗೆ ಅವುಗಳಲ್ಲಿ ಸ್ಥಳವಿರಲಿಲ್ಲ. ಚೆರುತ್ತಿಯನ್ನು ಹೊಗಳುವ ನಮ್ಮ ಪಠ್ಯಗಳು ಈ ಸಂಗತಿಯನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತವೆ.

ಭಾರತದಲ್ಲಿ 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ವಿರುದ್ಧ ಎದ್ದು ಸಾಲದ ಪತ್ರಗಳನ್ನು ಸುಟ್ಟರು. ಅದರ ಬೆನ್ನಲ್ಲೇ 1876–78ರ ಬರ ಬಂತು. ರೈತನ ಸಾಲದ ಪ್ರಶ್ನೆಗೆ ಉತ್ತರ ಹುಡುಕಲು ಮದ್ರಾಸ್ ಸರಕಾರ ಫ್ರೆಡರಿಕ್ ನಿಕಲ್ಸನ್‌ರನ್ನು ನೇಮಿಸಿತು. 1895 ಮತ್ತು 1897ರ ಅವರ ಎರಡು ಸಂಪುಟಗಳ ವರದಿ ಹಿಂದೂಸ್ಥಾನಕ್ಕೆ ಬೇಕಾದದ್ದು ರೈಫೈಸನ್ ಎಂದು ಸೂಚಿಸಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಅದರ ಫಲ. ಹಳ್ಳಿಯ ಸಂಘಗಳಿಗೆ ಮಿತಿಯಿಲ್ಲದ ಹೊಣೆ ಮತ್ತು ಮೀಸಲು ನಿಧಿಯ ನಿಯಮಗಳು ರೈಫೈಸನ್‌ನಿಂದ ಬಂದವು. ಯಾರು ಸೇರಿ ಸಂಘ ಕಟ್ಟಬಹುದೆಂಬ ವಿಷಯದಲ್ಲಿ ಮಾತ್ರ ಕಾಯಿದೆ ಈ ದೇಶದ ಭಾಷೆಯಲ್ಲಿ ಮಾತಾಡಿತು. ಒಂದೇ ಊರಿನ ಅಥವಾ ನೆರೆಹೊರೆಯ ಊರುಗಳ ಕನಿಷ್ಠ ಹತ್ತು ಜನ ಸೇರಬಹುದು. ರಿಜಿಸ್ಟ್ರಾರರ ಒಪ್ಪಿಗೆಯಿದ್ದರೆ ಒಂದೇ ಬುಡಕಟ್ಟಿನ, ವರ್ಗದ ಅಥವಾ ಜಾತಿಯ ಜನರೂ ಸೇರಬಹುದು. ಜರ್ಮನಿಯಲ್ಲಿ ಧರ್ಮಕೇಂದ್ರ ನಿಂತ ಸ್ಥಳದಲ್ಲಿ ಇಲ್ಲಿ ಊರು ಮತ್ತು ಜಾತಿ ಬಂದು ನಿಂತವು.

1905ರಲ್ಲಿ ಈ ಕಾಯಿದೆಯಡಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲೊಂದು ಕಣಗಿನಹಾಳದಲ್ಲಿ ನೋಂದಣಿಯಾಯಿತು. ಅದರ ಸ್ಥಾಪಕರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಮುಂಬಯಿ ಪ್ರಾಂತ್ಯದ ಎಷ್ಟೋ ದೊಡ್ಡ ಊರುಗಳಿಗಿಂತ ಮೊದಲು ಈ ಚಿಕ್ಕ ಹಳ್ಳಿ ಏಕೆ ಮುಂದೆ ಬಂತು? ನನ್ನ ಉತ್ತರ ಇದು. ಮಿತಿಯಿಲ್ಲದ ಹೊಣೆಯೆಂದರೆ ಪಟ್ಟಣದ ವಕೀಲನಿಗೆ ಭಯ. ಒಬ್ಬನ ಸಾಲಕ್ಕೆ ಇನ್ನೊಬ್ಬನ ಹೊಲ ಹೋದೀತು. ಎರೆಸೀಮೆಯ ಒಕ್ಕಲಿಗನಿಗೆ ಅದು ಹೊಸದಾಗಿರಲಿಲ್ಲ. ನೆರೆಯವನ ಬಿತ್ತಿಗೆ ತನ್ನ ಎತ್ತು ಹೂಡುವುದು, ಊರಿನ ಹಿರಿಯನ ಮಾತಿನ ಮೇಲೆ ಕಾಳು ಎರವಲು ಕೊಡುವುದು, ಕೊಟ್ಟ ಮಾತಿಗೆ ತಪ್ಪಿದವನನ್ನು ಕಟ್ಟೆಯ ಮೇಲೆ ಕೂಡಿಸಿ ಕೇಳುವುದು, ಇವೆಲ್ಲ ನಡೆದೇ ಇದ್ದವು. ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಶರಣರ ಬೋಧೆ ಮಠಗಳ ಮೂಲಕ ಮನೆಮನೆಗೂ ಮುಟ್ಟಿತ್ತು. ಲಾಭವನ್ನು ಹಂಚಿಕೊಳ್ಳದೆ ಸಂಘಕ್ಕೆ ಬಿಡಬೇಕೆಂಬ ನಿಯಮ ಅಲ್ಲಿ ವಿಚಿತ್ರವಾಗಿ ಕೇಳಿಸಿರಲಾರದು. ರೈಫೈಸನ್‌ನ ಹೆಸರನ್ನೇ ಕೇಳದ ಜನ ಅವನ ನಿಯಮಗಳನ್ನು ಗುರುತು ಹಿಡಿದರು.

ಮಲ್ಲಸಮುದ್ರ ಜನರನ್ನು ಅವರ ಋಣಗಳಿಂದ ಬಿಡಿಸಿ ತರಲೆತ್ನಿಸಿತು. ಕಣಗಿನಹಾಳ ಆ ಋಣಗಳನ್ನೇ ಬಂಡವಾಳ ಮಾಡಿಕೊಂಡಿತು.

ಹೀಗೆ ಹೇಳಿ ನಿಲ್ಲಿಸಿದರೆ ಕೇಳಲು ಇಂಪಾಗಿರುತ್ತದೆ. ಆದರೆ ಅರ್ಧ ಸತ್ಯ ಮಾತ್ರ ಹೇಳಿದಂತಾಗುತ್ತದೆ. ಊರ ಗೌಡರ ಮಾತಿನ ಮೇಲೆ ನಿಂತ ನಂಬಿಕೆ ಗೌಡರ ಕಣ್ಣಿಗೆ ಬಿದ್ದವರಿಗೆ ಮಾತ್ರ ಒದಗುತ್ತದೆ. ಸಾಲಕ್ಕೆ ಭದ್ರತೆ ಹೊಲ. ಹೊಲವಿಲ್ಲದ ಕೇರಿಗೆ ಸಂಘದಲ್ಲಿ ಏನು ಕೆಲಸ? ಮೇಲೆ ನಾನು ಅಕ್ಕರೆಯಿಂದ ನೆನೆದ ಆಯದ ಪದ್ಧತಿಯಲ್ಲಿ ಊರ ಹೊರಗಿನವನಿಗೂ ಪಾಲಿತ್ತು ನಿಜ. ಆ ಪಾಲನ್ನು ಅವನು ಕಣದ ಅಂಚಿನಲ್ಲಿ ಕೈಯೊಡ್ಡಿ ಪಡೆಯುತ್ತಿದ್ದ, ಸತ್ತ ದನ ಹೊತ್ತ ಕೈಗಳಿಂದ. ಸ್ವಾತಂತ್ರ್ಯಾನಂತರ ಸಹಕಾರಿ ಸಂಘಗಳು ಸಾವಿರಗಟ್ಟಲೆ ಹಬ್ಬಿದರೂ ಎಷ್ಟೋ ಹಳ್ಳಿಗಳಲ್ಲಿ ಅವು ಪ್ರಬಲ ಮನೆತನಗಳ ಚಾವಡಿಗಳಾಗಿಯೇ ಉಳಿದದ್ದು ಈ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ಗುರುವಿಗೂ ತಿಳಿಯದ ಸಂಗತಿಯಲ್ಲ.

ನವಲಗುಂದದ ಜಮಖಾನ ಇನ್ನೊಂದು ಉದಾಹರಣೆ. ನವಿಲು ಮತ್ತು ಪಗಡೆಯ ಹಾಸಿನ ಚಿತ್ರಗಳಿಗೆ ಹೆಸರಾದ ಈ ನೇಯ್ಗೆಯನ್ನು ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಮದುವೆಯಾಗಿ ಬೇರೆ ಮನೆಗೆ ಹೋಗುವ ಮಗಳಿಗೆ ಕಲಿಸಿದರೆ ಗುಟ್ಟು ಹೊರಗೆ ಹೋದೀತೆಂದು ಅವಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ಅವರಲ್ಲಿತ್ತು. ಕಸುಬನ್ನು ಕಾಯ್ದದ್ದೂ ಆ ರೂಢಿಯೇ, ಮಗ್ಗಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಲು ಒಂದು ಕಾರಣವಾದದ್ದೂ ಆ ರೂಢಿಯೇ. ಭೌಗೋಳಿಕ ಸೂಚಕದ ಮಾನ್ಯತೆ ಬಂದ ಮೇಲೂ ಈ ಗಂಟು ಬಿಚ್ಚಿಲ್ಲ.

ಛೋಟಾ ನಾಗಪುರದಲ್ಲಿ ಯೇಸುಸಭೆಯ ಯೋಹಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಮಾಡಿದ ಕೆಲಸ ಈ ದೃಷ್ಟಿಯಿಂದ ನಮ್ಮ ವಿದ್ಯಾರ್ಥಿಗಳು ಓದಬೇಕಾದದ್ದು. ಅವರು ಮುಂಡಾ ಜನರ ಭಾಷೆಯನ್ನೂ ಭೂಮಿಯ ಹಕ್ಕಿನ ಕಟ್ಟಳೆಗಳನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1908ರ ಛೋಟಾ ನಾಗಪುರ ಗೇಣಿ ಕಾಯಿದೆಗೆ ಆ ತಿಳಿವಳಿಕೆಯನ್ನು ಒದಗಿಸಿದರು. ಆಮೇಲೆ, 1909ರಲ್ಲಿ, ಕಥೋಲಿಕ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಕ್ರಮ ಗಮನಿಸಬೇಕು: ಮೊದಲು ಭಾಷೆ, ಬಳಿಕ ಭೂಮಿ, ಕೊನೆಗೆ ಹಣ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ.

ಸರಕಾರಗಳೂ ಊರಿನ ಖಾತೆಯನ್ನು ಓದದೆ ತಮ್ಮ ಲೆಕ್ಕ ಬರೆದಿವೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆಯ ನೀರು 1970ರ ದಶಕದಲ್ಲಿ ನವಲಗುಂದ, ನರಗುಂದ ಸೀಮೆಗೆ ಬಂತು. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಹತ್ತಿಯೂ ಅದೇ ಹೊತ್ತಿಗೆ ಬಂತು. ಕೆಲವು ವರ್ಷ ಹಣ ಕಂಡಿತು. ನೀರು ಕಾಲುವೆಯ ತುದಿ ಮುಟ್ಟುವ ಮುನ್ನವೇ ಭೂಮಿಯ ಬೆಲೆ ಏರಿತೆಂದು ಲೆಕ್ಕ ಹಾಕಿ ಅಭಿವೃದ್ಧಿ ಕರ ಬಂತು. ಹತ್ತಿಯ ದರ ಬಿತ್ತು. ನೀರು ನಿಂತು ಕೆಲವೆಡೆ ಎರೆಭೂಮಿ ಸವಳಾಯಿತು. ತೇವ ಹಿಡಿದಿಡುವ ಮಣ್ಣಿಗೆ ಎಷ್ಟು ನೀರು ಬೇಕೆಂಬುದನ್ನು ಆ ಮಣ್ಣನ್ನೇ ಉತ್ತವರಿಗೆ ಯಾರೂ ಕೇಳಿರಲಿಲ್ಲ.

1980ರ ಜುಲೈ 21ರಂದು ನಡೆದದ್ದು ಎಲ್ಲರಿಗೂ ಗೊತ್ತು. ಗೋಲಿಬಾರಿನಲ್ಲಿ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿಯವರೂ ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಅವರೂ ಸತ್ತರು. ರಾಜ್ಯದ ರೈತ ಚಳವಳಿ ಅಲ್ಲಿಂದ ಬೆಳೆಯಿತು. ಸಾಂಸ್ಕೃತಿಕವಾಗಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೆಂದರೆ, ಸತ್ತ ರೈತರಿಗೆ ಜನ ನಿಲ್ಲಿಸಿದ್ದು ವೀರಗಲ್ಲು. ಗೋವುಗಳನ್ನು ಕಾಯಲು, ಊರನ್ನು ಉಳಿಸಲು ಸತ್ತವರಿಗೆ ಈ ನಾಡು ಸಾವಿರ ವರ್ಷ ನಿಲ್ಲಿಸಿದ ಕಲ್ಲನ್ನೇ ಕರ ನಿರಾಕರಿಸಿ ಸತ್ತವರಿಗೂ ನಿಲ್ಲಿಸಿದರು. ಪ್ರತಿ ವರ್ಷ ಜುಲೈ 21ಕ್ಕೆ ಅಲ್ಲಿ ಸೇರುತ್ತಾರೆ.

2015ರ ಜುಲೈಯಿಂದ ಮಹಾದಾಯಿ ನೀರಿಗಾಗಿ ನರಗುಂದದಲ್ಲಿ ಕುಳಿತ ಧರಣಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈ 27ರಂದು 7.56 ಟಿಎಂಸಿ ನೀರಿನ ಮಧ್ಯಂತರ ಕೋರಿಕೆಯನ್ನು ನ್ಯಾಯಮಂಡಳಿ ತಿರಸ್ಕರಿಸಿದಾಗ ನವಲಗುಂದ ಹೊತ್ತಿ ಉರಿಯಿತು. ಆ ದಿನಗಳಲ್ಲೇ ಪೊಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಹೆಂಗಸರು, ವೃದ್ಧರೆನ್ನದೆ ಹೊಡೆದ ದೃಶ್ಯಗಳನ್ನು ಇಡೀ ರಾಜ್ಯ ನೋಡಿತು. 2018ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿಕೆ ಮಾಡಿದೆ. ಹೊಡೆತ ತಿಂದ ಊರು ಮರುವರ್ಷ ಫಾಲ್ಗುಣದಲ್ಲಿ ಮತ್ತೆ ಜಾತ್ರೆ ಮಾಡಿತು. ನನ್ನ ವಿದ್ಯಾರ್ಥಿಗೆ ಖರ್ಚಿನಂತೆ ಕಂಡದ್ದು ಆ ಊರಿಗೆ ಏನಾಗಿರಬಹುದೆಂಬುದನ್ನು ಈ ಹಿನ್ನೆಲೆಯಲ್ಲಿ ಯೋಚಿಸಬೇಕು.

ನಾನೂ ಈ ಪಾಠವನ್ನು ಪುಸ್ತಕದಿಂದ ಕಲಿತವನಲ್ಲ. ಗುರುದೀಕ್ಷೆಯ ನಂತರದ ಮೊದಲ ವರ್ಷಗಳಲ್ಲಿ ಈ ಸೀಮೆಯ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ನನಗೆ ಸ್ವಸಹಾಯ ಸಂಘಗಳ ಹೊಣೆ ಬಂತು. ಆ ಓಣಿಯ ಹೆಣ್ಣುಮಕ್ಕಳು ಮೊದಲೇ ಒಂದು ಭಿಶಿ ನಡೆಸುತ್ತಿದ್ದರು. ವಾರವಾರ ಇಷ್ಟೆಂದು ಕೂಡಿಸಿ, ಚೀಟಿ ಎತ್ತಿ, ಬಂದವರಿಗೆ ಕೊಡುವುದು. ಯಾರಿಗಾದರೂ ಅಡಚಣೆ ಬಂದರೆ ಚೀಟಿಯನ್ನು ಬದಿಗಿಟ್ಟು ಅವರಿಗೇ ಕೊಡುವುದು. ಅದು ಅಶಿಸ್ತು ಎಂದು ನನಗೆ ಅನ್ನಿಸಿತು. ಭಿಶಿ ಬಿಡಿಸಿ, ನೋಂದಾಯಿತ ಸಂಘ ಮಾಡಿಸಿ, ಉತ್ಪಾದಕ ಉದ್ದೇಶಕ್ಕಲ್ಲದೆ ಸಾಲವಿಲ್ಲ ಎಂಬ ನಿಯಮ ಬರೆಸಿದೆ. ಒಬ್ಬ ತಾಯಿ ಮಗಳ ಕುಬಸಕ್ಕೂ ಯಮನೂರಿನ ಹರಕೆಗೂ ಸಾಲ ಕೇಳಿದಳು. ನಾನು ಹೊಲಿಗೆ ಯಂತ್ರಕ್ಕೆ ಕೊಡುತ್ತೇನೆ ಎಂದೆ. ಅವಳು ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಯಪ್ಪಾ, ಬೀಗರ ಮುಂದ ಕೈ ಖಾಲಿ ಮಾಡ್ಕೊಂಡು ನಿಂತ್ರ, ನಾಳೆ ಕಷ್ಟ ಬಂದಾಗ ನನಗ ಯಾರ್ ಕೊಡ್ತಾರ್ರೀ? ನಿಮ್ಮ ಮಿಷನ್ ಕೊಡ್ತೈತೇನ್ರಿ?"

ಅವಳು ಬಡ್ಡಿಗೆ ಹಣ ತಂದು ಕುಬಸ ಮಾಡಿದಳು. ಮೂರನೆಯ ವರ್ಷ ನಮ್ಮ ಸಂಘದ ಪುಸ್ತಕ ಮುಚ್ಚಿತು. ಅವಳ ಲೆಕ್ಕದಲ್ಲಿ ಕುಬಸ ಒಂದು ಠೇವಣಿ, ನನ್ನ ಲೆಕ್ಕದಲ್ಲಿ ಅದು ದುಂದು. ಯಾರ ಲೆಕ್ಕ ಸರಿಯೆಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಒಂದು ಸಮುದಾಯದ ಏಳಿಗೆ ಅದರ ಸಂಸ್ಕೃತಿಯೊಳಗಿನ ಇತಿಹಾಸಕ್ರಮವೆಂದೂ, ಅಲ್ಲಿನ ಜನ ತಮ್ಮ ಸಂಸ್ಕೃತಿಯೊಳಗಿನಿಂದಲೇ ಅದರಲ್ಲಿ ಸದಾ ಪಾಲ್ಗೊಳ್ಳಬೇಕೆಂದೂ ವಿಶ್ವಗುರು ಫ್ರಾನ್ಸಿಸ್ 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಹೇಳಿದುದನ್ನು ಓದಿದಾಗ ನನಗೆ ನೆನಪಾದದ್ದು ಆ ತಾಯಿ.

ಸಂತ ಪೌಲನಿಗೆ ಈ ವಿಷಯ ಗೊತ್ತಿತ್ತು. ಜೆರುಸಲೇಮಿನ ಬಡವರಿಗಾಗಿ ಅವನು ಎತ್ತಿದ ಕಾಣಿಕೆ ಒಂದು ದಿನದ ಕೆಲಸವಾಗಿರಲಿಲ್ಲ. ಕೊರಿಂಥದವರಿಗೆ ಅವನು ವಾರದ ಮೊದಲ ದಿನ ಪ್ರತಿಯೊಬ್ಬರೂ ಶಕ್ತ್ಯಾನುಸಾರ ತೆಗೆದಿಡಬೇಕೆಂದು ಬರೆದ. ನಮ್ಮ ಭಿಶಿಗೆ ಇದು ಎಷ್ಟು ಹತ್ತಿರ! ಆ ನಗರದ ಜನರಿಗೆ ಮರ್ಯಾದೆಯ ಪೈಪೋಟಿ ಉಸಿರಿನಷ್ಟು ಸಹಜವಾಗಿತ್ತು. ಪೌಲ ಆ ಸ್ವಭಾವವನ್ನು ಹಳಿಯದೆ, ಬಡ ಮಕೆದೋನಿಯದವರ ಉದಾರತೆಯನ್ನು ಅವರ ಮುಂದೆ ಹೊಗಳಿ, ಅದನ್ನೇ ಕೊಡುವಿಕೆಯತ್ತ ತಿರುಗಿಸಿದ. ಆದರೆ ಅದೇ ಕೊರಿಂಥದವರು ಪ್ರಭುವಿನ ಭೋಜನದಲ್ಲಿ ಉಳ್ಳವರು ಒಂದೆಡೆ, ಇಲ್ಲದವರು ಒಂದೆಡೆ ಎಂದು ತಮ್ಮ ಸಮಾಜದ ರೂಢಿಯಂತೆ ಕುಳಿತಾಗ ಅವನು ಒಂದಿಷ್ಟೂ ರಾಜಿಯಾಗಲಿಲ್ಲ. ನೀವು ತಿನ್ನುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದುಬಿಟ್ಟ. ಸಂಸ್ಕೃತಿಯ ರೂಪವನ್ನು ಒಪ್ಪಿಕೊಂಡವನೇ ಅದರೊಳಗಿನ ಗೆರೆಯನ್ನು ಅಳಿಸಹೋದ. ಎರಡೂ ಅದೇ ಕೊರಿಂಥದವರಿಗೆ ಬರೆದ ಪತ್ರಗಳಲ್ಲಿವೆ. ಮೊದಲನೆಯದನ್ನು ಮಾತ್ರ ಕಲಿತ ಗುರು ಊರಿನ ಗೌಡರಿಗೆ ಪ್ರಿಯನಾಗುತ್ತಾನೆ. ಎರಡನೆಯದನ್ನು ಮಾತ್ರ ಕಲಿತವನು ಮಲ್ಲಸಮುದ್ರ ಕಟ್ಟುತ್ತಾನೆ.

ಜಾತ್ರೆಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಸಂಜೆಯ ತನಕ ಒಂದೇ ಅಂಗಡಿಯ ಮುಂದೆ ಕೂತು ನೋಡು ಎಂದೆ. ಅವನು ಬಳೆಗಾರ್ತಿಯೊಬ್ಬಳ ಬಳಿ ಕೂತ. ಹುಬ್ಬಳ್ಳಿಯಿಂದ ಉದ್ರಿಯಲ್ಲಿ ಮಾಲು ತಂದು ಜಾತ್ರೆ ಮುಗಿದ ಮೇಲೆ ತೀರಿಸುತ್ತಾಳೆಂದೂ, ಅವಳ ಅತ್ತೆಯ ಕಾಲದಿಂದ ಈ ವ್ಯವಹಾರಕ್ಕೆ ಕಾಗದವಿಲ್ಲವೆಂದೂ ಅವನು ತಿಳಿದುಕೊಂಡು ಬಂದ.

ಆ ಓಣಿಯ ಭಿಶಿ ನಮ್ಮ ಸಂಘ ಮುಚ್ಚಿದ ಮೇಲೆ ಮತ್ತೆ ಆರಂಭವಾಗಿ ಇಂದಿಗೂ ನಡೆದಿದೆ. ಕಳೆದ ವರ್ಷ ಹೋದಾಗ ಅದೇ ತಾಯಿ ಚಹಾ ಕೊಟ್ಟಳು, ಪುಸ್ತಕ ತೋರಿಸಿದಳು. ಹೆಸರುಗಳನ್ನು ಓದಿದೆ. ಹಳ್ಳದ ಆಚೆಯ ಕೇರಿಯಲ್ಲಿ ನಮ್ಮದೇ ಧರ್ಮಕೇಂದ್ರದ ಮನೆಗಳಿವೆ, ಭಾನುವಾರ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿನ ಒಬ್ಬ ಹೆಣ್ಣುಮಗಳ ಹೆಸರೂ ಅದರಲ್ಲಿ ಇರಲಿಲ್ಲ. ಚಹಾ ಆರುವ ತನಕ ಕೈಯಲ್ಲೇ ಹಿಡಿದು ಕುಳಿತಿದ್ದೆ. ಕೇಳಲು ಧೈರ್ಯ ಬರಲಿಲ್ಲ. ಈ ಫಾಲ್ಗುಣದಲ್ಲಿ ಮತ್ತೆ ಹೋಗಲಿದ್ದೇನೆ.